ದೇವರ ಗೂಡಿನ ಸಕ್ಕರೆ ಡಬ್ಬಿ

ಬಂದ. ನನ್ನ ಮೊಮ್ಮಗ ಬಂದ. ನಿನ್ನೆ ಬೆಳಿಗ್ಗೆ ವಿಮಾನದಿಂದ ಇಳಿದು, ತನ್ನ ಕಾಲ ಮೇಲೆ ತಾನೇ ನಡೆದು ಹೊರಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಮೈಮೇಲೆ ಯಾರದೋ ದೊಗಳೆ ಅಂಗಿ, ಮುಖದ ತುಂಬ ಗಡ್ಡ. ಅವನ ತಾಯಿ, ಅಂದರೆ ನನ್ನ ಮಗಳು, ಕಟಕಟೆಯ ಈಚೆಯಿಂದಲೇ ಕೈ ಚಾಚಿ ಅವನ ಕಿವಿ ಹಿಡಿದುಕೊಂಡಳು. ಬಿಡಲೇ ಇಲ್ಲ. ಕಿವಿ ಹಿಡಿದುಕೊಂಡೇ ಕಾರಿನ ತನಕ ನಡೆದಳು.

ಇವತ್ತು ಚಹಾದ ಬಂಡಿ ತೆಗೆದಿಲ್ಲ. ತೆಗೆಯುವ ಶಕ್ತಿಯೂ ಇಲ್ಲ. ಸಂತೋಷ ಮೈತುಂಬ ಇದೆ, ಆದರೆ ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಐದು ತಿಂಗಳು ಹಿಡಿದಿಟ್ಟಿದ್ದ ಉಸಿರು ಒಮ್ಮೆಲೇ ಬಿಟ್ಟರೆ ಹೀಗೇ ಆಗುತ್ತದೆ ಅಂತ ಕಾಣುತ್ತದೆ. ನಾನು ಕಲಿತದ್ದು ಮೂರನೇ ಇಯತ್ತೆ. ಸಾಲು ಹಾಕಿದ ವಹಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಬರೆಯದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೊಮ್ಮಗ ಕರೆಂಟಿನ ಕೆಲಸದವನು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲದಲ್ಲಿ ಅವುಗಳ ಹೊಟ್ಟೆಯೊಳಗೆ ವೈರು ಎಳೆದು ಕಲಿತವನು. ಅದೇ ಕಟ್ಟಡಗಳ ಮುಂದಿನ ರಸ್ತೆಯಲ್ಲಿ ನನ್ನ ಬಂಡಿ. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಮಕ್ಕಳು ಇಡೀ ದಿನ ಬಂದು ಚಹಾ ಕುಡಿಯುತ್ತಾರೆ. ಮಗಳು ಗಂಡ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಡಬ್ಬಕ್ಕೆ ತುಂಬುವ ಕೆಲಸ. ನಾನು, ನನ್ನ ಹೆಂಡತಿ, ಮಗಳು, ಅವಳ ಮಗ. ನಮ್ಮ ಮನೆಯೆಂದರೆ ಇಷ್ಟೇ.

ಒಂಬತ್ತು ತಿಂಗಳ ಹಿಂದೆ ಒಂದು ಕಂಪನಿಯವರು ಅವನನ್ನು ಸಮುದ್ರದಾಚೆಯ ದೇಶಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆ ಕಟ್ಟುವ ಕೆಲಸ. ಯುದ್ಧ ದೂರದಲ್ಲಿದೆ, ನಿಮ್ಮ ತಂಟೆಗೆ ಬರುವುದಿಲ್ಲ ಅಂದರು. ನಾಲ್ಕು ತಿಂಗಳಿಗೆ ಯುದ್ಧ ಆಸ್ಪತ್ರೆಯ ಬಾಗಿಲಿಗೇ ಬಂತು. ಸರಕಾರದ ಸೈನ್ಯ ಹಿಂದೆ ಸರಿಯಿತು. ಬಂದೂಕಿನ ಇನ್ನೊಂದು ಪಕ್ಷದವರು ಒಳಗೆ ನುಗ್ಗಿ, ಅಲ್ಲಿದ್ದ ಹನ್ನೆರಡು ಜನ ನಮ್ಮ ದೇಶದ ಕೆಲಸಗಾರರನ್ನು ಲಾರಿ ಹತ್ತಿಸಿಕೊಂಡು ಹೋದರು.

ಒತ್ತೆಯಾಳು ಅನ್ನುವ ಮಾತು ಆ ದಿನದಿಂದ ನಮ್ಮ ಮನೆಗೆ ಬಂತು. ಟೀವಿಯವರು ಹೇಳಿದ್ದನ್ನೇ ಹೇಳುತ್ತಿದ್ದರು. ಬಂಡಿಗೆ ಬರುವ ಮಕ್ಕಳು ಇಂಗ್ಲಿಷ್ ಪೇಪರು ಓದಿ ನನಗೆ ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನನಗೆ ಅರ್ಥವಾಗದೆ ಉಳಿದದ್ದು ಒಂದೇ. ನಮ್ಮ ಹುಡುಗ ಅವರಿಗೂ ವೈರಿಯಲ್ಲ, ಇವರಿಗೂ ವೈರಿಯಲ್ಲ. ಅವನನ್ನು ಇಟ್ಟುಕೊಂಡು ಯಾರಿಗೆ ಏನು ಬರಬೇಕು?

ಆಮೇಲೆ ನನ್ನದೇ ಹಳೆಯ ಸಂಗತಿ ನೆನಪಾಯಿತು. ಹರೆಯದಲ್ಲಿ ನಮ್ಮೂರ ಗುಂಪಿನ ಜೊತೆ ಈ ಊರಿಗೆ ಮಣ್ಣು ಹೊರಲು ಬಂದಿದ್ದೆ. ದೀಪಾವಳಿಗೆ ಊರಿಗೆ ಹೋಗುತ್ತೇವೆಂದರೆ ಮೇಸ್ತ್ರಿ ಒಬ್ಬನನ್ನು ನಿಲ್ಲಿಸಿಕೊಳ್ಳುತ್ತಿದ್ದ. ಉಳಿದವರು ಕೆಲಸಕ್ಕೆ ತಿರುಗಿ ಬಂದ ಮೇಲೆ ಅವನಿಗೆ ಬಿಡುಗಡೆ. ಒಂದು ದೀಪಾವಳಿಗೆ ಹಾಗೆ ನಿಂತವನು ನಾನು. ಮೇಸ್ತ್ರಿ ಹೊಡೆಯಲಿಲ್ಲ, ಬಡಿಯಲಿಲ್ಲ, ತನ್ನ ಮನೆಯ ಹೋಳಿಗೆಯನ್ನೇ ತಂದುಕೊಟ್ಟ. ಆದರೂ ಆ ಹದಿನೈದು ದಿನ ನನಗೆ ಒಂದು ತುತ್ತು ಸರಿಯಾಗಿ ಇಳಿಯಲಿಲ್ಲ. ಹಿಡಿದಿಟ್ಟವನಿಗೆ ಬೇಕಾಗಿದ್ದವನು ನಾನಲ್ಲ. ನನ್ನನ್ನು ನೋಡಿ ತಿರುಗಿ ಬರಬೇಕಾದವರು ಅವನಿಗೆ ಬೇಕಾಗಿತ್ತು. ಅವರು ಬರದೆ ಹೋದರೆ ನಾನು ಏನು ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒತ್ತೆ ಅಂದರೆ ಅದು.

ನಾಲ್ಕು ತಿಂಗಳಾದ ಮೇಲೆ ಎರಡೂ ಪಕ್ಷದವರಿಗೆ ದಣಿವಾಯಿತೋ ಏನೋ, ಮೂರನೆಯ ದೇಶದವರೊಬ್ಬರು ನಡುವೆ ಕೂತು ಮಾತು ಶುರು ಮಾಡಿಸಿದರು. ಮಾತಾಡಲು ಒಂದು ತಿಂಗಳು ಹಿಡಿಯಿತು. ಕೊನೆಗೆ ಹತ್ತು ದಿನ ಗುಂಡು ಹಾರಿಸಬಾರದು ಅಂತ ಒಪ್ಪಂದ. ಆ ಹತ್ತು ದಿನವೂ ಒಂದು ಪಕ್ಷ ತನ್ನ ಒತ್ತೆಯಾಳುಗಳಲ್ಲಿ ಕೆಲವರನ್ನು ಬಿಡಬೇಕು, ಇನ್ನೊಂದು ಪಕ್ಷ ಜೇಲಿನಲ್ಲಿದ್ದ ಅವರ ಜನರಲ್ಲಿ ಕೆಲವರನ್ನು ಬಿಡಬೇಕು. ಒಂದು ದಿನ ಜನ ಬರದಿದ್ದರೆ ಮರುದಿನ ಗುಂಡು. ನಮ್ಮ ಹುಡುಗರು ತಕ್ಕಡಿಯಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಕಲ್ಲು ಎತ್ತಿದರೆ ತಕ್ಕಡಿ ವಾಲುತ್ತದೆ.

ನಮ್ಮ ಸರಕಾರದ ಒಬ್ಬ ಅಧಿಕಾರಿ ಹೆಣ್ಣುಮಗಳು ಹನ್ನೆರಡೂ ಮನೆಗಳಿಗೆ ಫೋನು ಮಾಡುತ್ತಿದ್ದಳು. ಹಿಂದಿಯಲ್ಲಿ ಮಾತಾಡುತ್ತಿದ್ದಳು, ನಾನು ನಮ್ಮ ಹೈದರಾಬಾದಿನ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಒಂದು ದಿನ ಹೇಳಿದಳು.

"ಬಾಬಾ, ಹಿಂದೊಮ್ಮೆ ಸತ್ತವರ ಹೆಸರನ್ನು ಬದುಕಿದವರ ಪಟ್ಟಿಯಲ್ಲಿ ಸೇರಿಸಿ ಮೋಸವಾಯಿತು. ಅದಕ್ಕೇ ಒಪ್ಪಂದ ಮುರಿಯಿತು. ಈ ಸಲ ಪ್ರತಿಯೊಬ್ಬನೂ ಬದುಕಿದ್ದಾನೆ ಅಂತ ಖಾತ್ರಿಯಾದರೆ ಮಾತ್ರ ಪಟ್ಟಿಯಲ್ಲಿ ಹೆಸರು. ನೀವು ಒಂದು ಪ್ರಶ್ನೆ ಕೊಡಿ, ಅದರ ಉತ್ತರವನ್ನೂ ನನಗೆ ಹೇಳಿ. ಯಾವ ಕಾಗದದಲ್ಲೂ ಇರದ ಸಂಗತಿ ಇರಲಿ. ಅವನಿಗೊಬ್ಬನಿಗೇ ಗೊತ್ತಿರಬೇಕು. ಪ್ರಶ್ನೆ ಕಳಿಸಲು ಒಂದೇ ಅವಕಾಶ."

ಮನೆಯಲ್ಲಿ ಮೂವರೂ ಕೂತೆವು. ಮಗಳು ಅಂದಳು, "ಸಣ್ಣಂವ ಇದ್ದಾಗ ಯಾವ ಗಿಡದ ಮ್ಯಾಲಿಂದ ಬಿದ್ದಿ ಅಂತ ಕೇಳೂಣು."

"ಅಂವ ಎಷ್ಟು ಗಿಡದ ಮ್ಯಾಲಿಂದ ಬಿದ್ದಾನ, ಲೆಕ್ಕ ಐತೇನು?" ಅಂದಳು ನನ್ನ ಹೆಂಡತಿ. "ಅವನ ಹಾಸಿಗಿ ಬುಡಕ ಏನು ಮುಚ್ಚಿಡತಿದ್ದ ಅಂತ ಕೇಳ್ರಿ. ನಂಗ ಗೊತ್ತೈತಿ."

"ಏನು ಮುಚ್ಚಿಡತಿದ್ದ?"

"ನಿಮಗ್ಯಾಕ ಅದು?"

ನಾನು ಇಬ್ಬರನ್ನೂ ಸುಮ್ಮನಿರಿಸಿದೆ. ಮನೆ ಬಿಡುವಾಗ ಮುತ್ಯಾ ನಿನ್ನ ಅಂಗೈಗೆ ಏನು ಹಾಕಿದ ಅಂತ ಕೇಳಿ ಅಂದೆ. ಅವನಿಗೆ ಮುತ್ಯಾ ಅಂದರೆ ಅಜ್ಜ, ನಾನೇ. ಉತ್ತರ, ಮೊಸರು ಸಕ್ಕರೆ. ನಮ್ಮ ಮನೆಯಲ್ಲಿ ಯಾರು ದೂರ ಹೊರಟರೂ ಕೈಗೆ ಮೊಸರು ಸಕ್ಕರೆ ಹಾಕುವವನು ನಾನು. ಅದಕ್ಕೆಂದೇ ದೇವರ ಗೂಡಿನಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇದೆ. ಒಳ್ಳೆಯ ಕೆಲಸಕ್ಕೆ ಬಿಟ್ಟರೆ ಅದರ ಮುಚ್ಚಳ ತೆಗೆಯುವುದಿಲ್ಲ. ನಿಜ ಹೇಳಬೇಕೆಂದರೆ, ಅವನನ್ನು ಬಿಡಿಸಿ ತಂದದ್ದು ಮುತ್ಯಾನ ಸಕ್ಕರೆ ಅಂತ ಆಗಲಿ ಅನ್ನುವ ಆಸೆ ನನ್ನೊಳಗೆ ಇತ್ತು.

ಅಧಿಕಾರಿಗೆ ಇದು ಹಿಡಿಸಲಿಲ್ಲ. "ಬಾಬಾ, ಮೊಸರು ಸಕ್ಕರೆ ನಮ್ಮ ಕಡೆಯೂ ಕೊಡುತ್ತಾರೆ. ಹನ್ನೆರಡು ಜನರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು."

"ಅಮ್ಮಾ, ಹಿಡಿದಿಟ್ಟವರಿಗೆ ನಮ್ಮ ಪದ್ಧತಿ ಗೊತ್ತೇ?" ಅಂದೆ. ಅವಳಿಗೂ ಹೊತ್ತಿರಲಿಲ್ಲ. ಬರೆದುಕೊಂಡಳು.

ಉತ್ತರ ಬರಲು ಆರು ದಿನ ಹಿಡಿಯಿತು. ಆ ಆರು ದಿನ ನಾನು ಚಹಾ ಮಾಡುತ್ತಿದ್ದೆ ಅನ್ನುವುದಷ್ಟೇ ಗೊತ್ತು. ಎಷ್ಟು ಕಪ್ಪು, ಯಾರಿಗೆ, ಯಾವುದೂ ನೆನಪಿಲ್ಲ. ಆರನೆಯ ದಿನ ಹನ್ನೊಂದು ಗಂಟೆಗೆ ಬಂಡಿಯ ಮುಂದೆ ಜನ ತುಂಬಿದ್ದಾಗ ಜೇಬಿನ ಫೋನು ಬಡಿಯಿತು.

"ಬಾಬಾ, ಕೂತುಕೊಳ್ಳಿ," ಅಂದಳು ಅಧಿಕಾರಿ. "ಉತ್ತರ ಬಂದಿದೆ. ಮೊಸರು ಅಂತ ಇದೆ. ಆದರೆ ಸಕ್ಕರೆ ಅಂತ ಇಲ್ಲ. ಉಪ್ಪು ಅಂತ ಇದೆ."

"ಉಪ್ಪೇ?"

"ಮೊಸರು ಮತ್ತು ಉಪ್ಪು. ಎರಡು ಸಲ ಕೇಳಿಸಿದ್ದೇವೆ. ಬೇರೆ ಯಾರೋ ಊಹಿಸಿ ಹೇಳಿರಬಹುದು ಅನ್ನುವುದು ಮಧ್ಯಸ್ಥರ ಅನುಮಾನ. ಅವನ ಹೆಸರನ್ನು ಎರಡನೇ ಪಟ್ಟಿಗೆ ಹಾಕುತ್ತಾರೆ."

"ಎರಡನೇ ಪಟ್ಟಿಯೆಂದರೆ?"

"ಹತ್ತು ದಿನದ ಮೇಲೂ ಗುಂಡು ನಿಂತಿದ್ದರೆ ನೋಡುವವರ ಪಟ್ಟಿ. ಮೊದಲ ಪಟ್ಟಿ ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ."

ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ದಿನವೂ ಶುಂಠಿ ಚಹಾ ಕುಡಿಯುವ ಒಂದು ಹುಡುಗಿ ಗ್ಯಾಸು ಆರಿಸಿದಳು. ಯಾರೋ ನನ್ನನ್ನು ಆಟೋ ಹತ್ತಿಸಿದರು. ಬಂಡಿಯನ್ನು ಯಾರು ನೋಡಿಕೊಂಡರೋ ಇವತ್ತಿಗೂ ತಿಳಿಯದು. ಆದರೆ ಮರುದಿನ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು.

ಮಗಳಿಗೆ ಆ ದಿನ ಎರಡನೇ ಪಾಳಿ. ಇನ್ನೂ ಮನೆಯಲ್ಲೇ ಇದ್ದಳು. ಹೇಳಿದೆ. ಅವಳು ಅಳಲಿಲ್ಲ. ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಗೋಡೆಗೆ ಒರಗಿ ಕೂತಳು. ನನ್ನ ಹೆಂಡತಿ ಮಾತ್ರ ಒಂದೇ ಮಾತು ಅಂದಳು.

"ನಾ ಹೇಳಿದ್ದು ಕೇಳಬೇಕಿತ್ತು ನೀವು."

"ನಾ ಏನು ತಪ್ಪು ಮಾಡೀನಿ? ಈ ಕೈಯಿಂದಲೇ ಹಾಕೀನಿ. ಈ ಡಬ್ಬಿ ಸಕ್ಕರೀನೇ ಹಾಕೀನಿ."

"ಹಾಕೀರಿ, ಬಿಡ್ರಿ. ಈಗ ಆ ಮಾತು ಯಾಕ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ, ಆದ್ದರಿಂದ ಡಬ್ಬಿಯ ಮೇಲೆ ಬಂತು. ದೇವರ ಗೂಡಿಗೆ ಕೈ ಹಾಕಿ ಅದನ್ನು ಎಳೆದುಕೊಂಡೆ. ಹುಡುಗ ಹೋದ ಮೇಲೆ ನಮ್ಮ ಮನೆಯಲ್ಲಿ ಒಂದು ಒಳ್ಳೆಯ ಕೆಲಸ ಆಗಿರಲಿಲ್ಲ. ಒಂಬತ್ತು ತಿಂಗಳು ಅದರ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಬಿಗಿದುಕೊಂಡಿತ್ತು. ಉಗುರು ಹಾಕಿ ಕಿತ್ತೆ. "ಇದು ಸಕ್ಕರಿ ಅಲ್ಲೇನು? ನೋಡು, ಇದು ಏನು ಮತ್ತ?" ಅನ್ನುತ್ತ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ.

ಮತ್ತೊಂದು ಚಿಟಿಕೆ ಹಾಕಿಕೊಂಡು ನೋಡಿದೆ.

"ಏನಾತ್ರಿ?" ಅಂದಳು ಹೆಂಡತಿ.

ಡಬ್ಬಿಯನ್ನು ಅವಳ ಮುಂದೆ ಹಿಡಿದೆ. ಅವಳು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ನನ್ನ ಮುಖ ನೋಡಿದಳು. ಮಗಳು ಎದ್ದು ಬಂದು ತಾನೂ ನೆಕ್ಕಿದಳು. ಬಾಚಣಿಗೆ ಇನ್ನೂ ಕೂದಲಲ್ಲೇ ತೂಗುತ್ತಿತ್ತು.

"ಯಪ್ಪಾ," ಅಂದಳು ಮೆಲ್ಲಗೆ. "ಅಂವ ಹೋಗೂ ವಾರ ನಾ ಪುಡಿ ಉಪ್ಪಿನ ಪಾಕೀಟು ತಂದಿದ್ದೆ. ಎಲ್ಲಿ ಹೋತು ಅಂತ ಮನಿಯೆಲ್ಲಾ ಹುಡುಕೀನಿ."

ನಮ್ಮ ಮನೆಯಲ್ಲಿ ಯಾವತ್ತಿದ್ದರೂ ಹರಳು ಉಪ್ಪು. ಪುಡಿ ಉಪ್ಪು ಬಂದದ್ದು ಅದೇ ಮೊದಲು. ನನ್ನ ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಬಂಡಿ ಬಿಡಿಸುತ್ತಾರೆಂದು ನಾನು ಯಾರಿಗೂ ಹೇಳಿರಲಿಲ್ಲ. ಬಿಳಿಯದು ಕಂಡಿತು, ಹರಿದೆ, ಡಬ್ಬಿಗೆ ಸುರಿದೆ. ಮೂವತ್ತು ವರ್ಷ ಸಕ್ಕರೆ ಹಾಕಿ ಚಹಾ ಮಾರಿದವನು ನನ್ನ ಮೊಮ್ಮಗನ ಕೈಗೆ ಉಪ್ಪು ಹಾಕಿ ದೇಶ ಬಿಡಿಸಿದ್ದೆ.

ಅವನು ಹೊರಟ ದಿನ ಕಣ್ಣ ಮುಂದೆ ಬಂತು. ಅಂಗೈ ನೆಕ್ಕಿದವನೇ ಒಂದು ಕ್ಷಣ ಕಣ್ಣು ಮುಚ್ಚಿದ. ಮನೆ ಬಿಡುವ ಸಂಕಟ ಅಂದುಕೊಂಡೆ. ಒಂದು ತಂಬಿಗೆ ನೀರು ಪೂರ್ತಿ ಕುಡಿದ. ದೂರದ ದಾರಿ ಅಂದುಕೊಂಡೆ. ಬಾಗಿ ಕಾಲು ಮುಟ್ಟಿ ನಗುತ್ತ ಹೋದ. ಹೊರಡುವವರು ಆ ತುತ್ತಿಗೆ ಮುಖ ಕಿವುಚಬಾರದು, ಏನೂ ಅನ್ನಬಾರದು ಅಂತ ಅವನಿಗೆ ಸಣ್ಣಂದಿನಿಂದ ಹೇಳಿಕೊಟ್ಟವನೂ ನಾನೇ.

ಫೋನು ಹಚ್ಚಿದೆ. ಅಧಿಕಾರಿಯ ಫೋನು ಬಿಡುವಿಲ್ಲ ಅನ್ನುತ್ತಿತ್ತು. ಮತ್ತೆ ಹಚ್ಚಿದೆ. ಎರಡು ಗಂಟೆಯಾಯಿತು, ಮೂರಾಯಿತು. ಮಗಳು ಪಾಳಿಗೆ ಹೋಗಲಿಲ್ಲ. ಮೂರೂವರೆಗೆ ಅಧಿಕಾರಿ ಸಿಕ್ಕಳು.

"ಅಮ್ಮಾ, ಉತ್ತರ ಸರಿಯಾಗಿದೆ. ನಾನು ಉಪ್ಪೇ ಕೊಟ್ಟಿದ್ದೆ."

"ಬಾಬಾ, ನಿಮ್ಮ ಸಂಕಟ ನನಗೆ ಗೊತ್ತು. ಆದರೆ ಉತ್ತರ ಬಂದ ಮೇಲೆ ಹೀಗೆ ಬದಲಿಸಿದರೆ ಯಾರು ನಂಬುತ್ತಾರೆ?"

"ನಂಬಬೇಡಿ. ಕೇಳಿ." ಡಬ್ಬಿ, ಪಾಕೀಟು, ಕಣ್ಣಿನ ಪೊರೆ, ತಂಬಿಗೆ ನೀರು, ಎಲ್ಲ ಹೇಳಿದೆ. ನಾನು ಕಣ್ಣಿನ ಮಾತು ಎತ್ತಿದಾಗ ಹೆಂಡತಿ ಹಣೆ ಬಡಿದುಕೊಂಡಳು. ಕೊನೆಗೆ ಅಂದೆ, "ಅಮ್ಮಾ, ನೀವೇ ಅಂದಿರಿ. ಹನ್ನೆರಡು ಜನರಲ್ಲಿ ಯಾರನ್ನು ಕೇಳಿದರೂ ಸಕ್ಕರೆ ಅನ್ನುತ್ತಾರೆ. ಊಹಿಸಿ ಹೇಳುವವನು ಉಪ್ಪು ಯಾಕೆ ಅಂದಾನು? ತಿಂದವನು ಮಾತ್ರ ಅನ್ನುತ್ತಾನೆ. ನನಗೇ ಗೊತ್ತಿರಲಿಲ್ಲ. ಅವನೊಬ್ಬನಿಗೇ ಗೊತ್ತಿತ್ತು."

ಆ ಕಡೆ ಪೆನ್ನಿನಿಂದ ಮೇಜು ಕುಟ್ಟುವ ಸದ್ದು ಕೇಳುತ್ತಿತ್ತು.

"ಹೋದ ವರ್ಷ ನನ್ನ ತಂದೆಯೂ ಕಣ್ಣಿನದು ಮುಚ್ಚಿಟ್ಟಿದ್ದರು," ಅಂದಳು. "ಫೋನು ಇಡಿ. ನಾನು ಅವರೊಂದಿಗೆ ಮಾತಾಡಬೇಕು."

ಐದಕ್ಕೆ ಹತ್ತು ನಿಮಿಷ ಇದ್ದಾಗ ಮತ್ತೆ ಬಡಿಯಿತು. ಹೆಸರು ಮೊದಲ ಪಟ್ಟಿಯಲ್ಲಿದೆ ಅಂದಳು. ಮೂವರಿಗೂ ನಗಲೂ ತ್ರಾಣ ಇರಲಿಲ್ಲ. ನಾಲಿಗೆಯ ಮೇಲೆ ಉಪ್ಪು ಇನ್ನೂ ಇತ್ತು.

ಪಟ್ಟಿಯಲ್ಲಿ ಹೆಸರು ಬಂದರೆ ಮನುಷ್ಯ ಬಂದ ಹಾಗಲ್ಲ. ಮೊದಲ ಮೂರು ದಿನ ಜನ ಬಂದರು. ನಾಲ್ಕನೆಯ ದಿನ ಯಾರೋ ಎಲ್ಲೋ ಗುಂಡು ಹಾರಿಸಿದರು. ನಾವಲ್ಲ ಅಂತ ಇವರು, ನೀವೇ ಅಂತ ಅವರು. ಬಿಡುವುದು ನಿಂತಿತು. ಐದನೆಯ ದಿನವೂ ಇಲ್ಲ. ಹೆಂಡತಿ ಟೀವಿಯ ಮೇಲೆ ಬಟ್ಟೆ ಹೊದಿಸಿಟ್ಟಳು. ಆಮೇಲೆ ತಾನೇ ಹೋಗಿ ಬಟ್ಟೆ ಎತ್ತಿ ನೋಡುತ್ತಿದ್ದಳು. ಬಂಡಿಗೆ ಬರುವ ಮಕ್ಕಳು ಏನೂ ಕೇಳುತ್ತಿರಲಿಲ್ಲ. ಚಹಾ ಕುಡಿದು, ನನ್ನ ಭುಜ ಮುಟ್ಟಿ ಹೋಗುತ್ತಿದ್ದರು. ಏಳನೆಯ ದಿನ ಮತ್ತೆ ಶುರುವಾಯಿತು. ಎಂಟನೆಯ ದಿನ ಒಂದು ಬಸ್ಸಿನಲ್ಲಿ ಗಡಿ ದಾಟಿದ ಎಂಟು ಜನರಲ್ಲಿ ನಮ್ಮವನೂ ಇದ್ದ. ಅದೇ ಹೊತ್ತಿಗೆ ಆ ಕಡೆಯಿಂದ ಇನ್ನೊಂದು ಬಸ್ಸು ಬಂತಂತೆ. ಅದರಲ್ಲಿ ಜೇಲಿನಿಂದ ಬಿಟ್ಟವರು. ಎರಡು ಬಸ್ಸುಗಳು ದಾಟುವಾಗ ಎರಡೂ ಕಡೆಯವರು ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡಿದರಂತೆ.

"ಅವರೂ ನಮ್ಮಂಗ ಇದ್ರು ಮುತ್ಯಾ," ಅಂದ ಮೊಮ್ಮಗ ನಿನ್ನೆ. "ಅವರಿಗೂ ಯಾರದೋ ಅಂಗಿ ಹಾಕಿದ್ರು."

ನಿನ್ನೆ ಮನೆಗೆ ಬಂದವನು ಸ್ನಾನ ಮಾಡಿ ಮಧ್ಯಾಹ್ನವಿಡೀ ಮಲಗಿದ. ನನ್ನ ಹೆಂಡತಿ ಅವನ ಉಸಿರು ನೋಡಲು ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದಳು. ನಾನು ಐದು ಸಲ. ಎದ್ದ ಮೇಲೆ ಅವನು ಮೊದಲು ಮಾಡಿದ್ದು ಒಂದು ಫೋನು. ಹನ್ನೆರಡು ಜನರಲ್ಲಿ ಇಬ್ಬರು ಎರಡನೇ ಪಟ್ಟಿಯಲ್ಲಿ ಉಳಿದಿದ್ದಾರೆ. ಒಬ್ಬನ ತಾಯಿ ನಿಜಾಮಾಬಾದಿನ ಹತ್ತಿರದ ಹಳ್ಳಿಯವಳು. ಈ ಐದು ತಿಂಗಳು ನನ್ನ ಜೊತೆ ಎಷ್ಟು ಸಲ ಮಾತಾಡಿದ್ದಾಳೋ. ನನ್ನವನು ಬಂದ ಅಂತ ಅವಳಿಗೆ ಹೇಳುವ ಧೈರ್ಯ ನನಗೆ ಇರಲಿಲ್ಲ. ಅವನೇ ಹೇಳಿದ, ತೆಲುಗಿನಲ್ಲಿ. ನಿಮ್ಮ ಮಗನನ್ನು ಹೋದ ವಾರ ನನ್ನ ಕಣ್ಣಾರೆ ನೋಡಿದ್ದೇನೆ, ರೊಟ್ಟಿ ಹಂಚಿಕೊಂಡು ತಿಂದಿದ್ದೇವೆ, ಕಾಲಿಗೆ ಗಾಯವಿದೆ ಆದರೆ ನಡೆಯುತ್ತಾನೆ. ಅವಳು ಏನು ಅಂದಳೋ ಕೇಳಲಿಲ್ಲ. ಅವನು ಬಹಳ ಹೊತ್ತು ಫೋನು ಕಿವಿಗೆ ಹಿಡಿದುಕೊಂಡೇ ಕೂತಿದ್ದ. ಆ ಗಾಯದ ಸಂಗತಿಯನ್ನು ಆಮೇಲೆ ಅಧಿಕಾರಿಗೂ ಹೇಳಿದ. ಅದೂ ಒಂದು ಖಾತ್ರಿ ಆದೀತು ಅಂತ ಅವಳು ಬರೆದುಕೊಂಡಳಂತೆ. ಹತ್ತು ದಿನದ ಒಪ್ಪಂದ ಇನ್ನೂ ಐದು ದಿನ ಮುಂದೆ ಹೋಗಿದೆ.

ಸಂಜೆ ಬೆಳಕಿರುವಾಗಲೇ ಊಟಕ್ಕೆ ಕೂತೆವು. ಮಗಳು ಜೋಳದ ರೊಟ್ಟಿ ಬಡಿದಳು, ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು, ಶೇಂಗಾ ಹಿಂಡಿ, ಮೊಸರು. ಎಂದೂ ನಮ್ಮ ಜೊತೆ ಕೂರದ ಹೆಂಗಸರಿಬ್ಬರೂ ನಿನ್ನೆ ಜೊತೆಗೇ ತಾಟು ಹಾಕಿಕೊಂಡರು. ಯಾರು ಬಡಿಸುವುದು ಅಂತ ಕೇಳಲಿಲ್ಲ. ಎಲ್ಲ ನಡುವೆ ಇಟ್ಟುಕೊಂಡೆವು. ಮೊಮ್ಮಗ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ನಿಧಾನ ತಿನ್ನುತ್ತಿದ್ದ. ಅರ್ಧ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿ ಇಟ್ಟ. ಅವನ ತಾಯಿ ನೋಡಿದಳು. ಮುಂದಿನ ಹೊತ್ತಿಗೆ ಎತ್ತಿಡುವ ರೂಢಿ ಬಿದ್ದಿದೆ ಅಂದ ಅವನು, ನಾಚಿಕೊಂಡು. ಅವಳು ರೊಟ್ಟಿಯ ಬುಟ್ಟಿಯನ್ನೇ ಅವನ ಪಕ್ಕಕ್ಕೆ ತಂದಿಟ್ಟಳು.

ನಾನು ಎದ್ದು ದೇವರ ಗೂಡಿನಿಂದ ಡಬ್ಬಿ ತಂದೆ. ಬೆಳಿಗ್ಗೆಯೇ ತೊಳೆದು, ಒಣಗಿಸಿ, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತುಂಬಿದ್ದೆ. ಬಂದವರಿಗೆ ಮೊಸರು ಸಕ್ಕರೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಹೋಗುವವರಿಗೆ ಮಾತ್ರ. ಆದರೂ ಅವನ ಅಂಗೈ ಹಿಡಿದೆ.

ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಮೊದಲ ನೀ ತಿನ್ನು ಮುತ್ಯಾ."

"ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ನಿನ್ನ ಮ್ಯಾಲೆ ಐತಿ. ನಿನ್ನ ಕಣ್ಣಿನ ಮ್ಯಾಲೆ ಇಲ್ಲ."

"ಸೋಮವಾರ ಕಣ್ಣಿನ ದವಾಖಾನಿಗೆ ಕರಕೊಂಡು ಹೊಂಟೀನಿ," ಅಂದಳು ಹೆಂಡತಿ, ಯಾರ ಮುಖವನ್ನೂ ನೋಡದೆ. "ನೀವೇನು ಬಾಯಿ ತೆಗೀಬ್ಯಾಡ್ರಿ."

ನಾನು ಬಾಯಿ ತೆಗೆದೆ, ಆದರೆ ಸಕ್ಕರೆ ಹಾಕಿಕೊಳ್ಳಲು. ಮೊಸರು ಕಲಸಿ ನಾನು ಒಂದು ತುತ್ತು ತಿಂದೆ. ಆಮೇಲೆ ಹೆಂಡತಿ ಕೈ ಚಾಚಿದಳು, ಮಗಳು ಚಾಚಿದಳು. ಮೂವರೂ ತಿಂದು ತಲೆ ಆಡಿಸಿದ ಮೇಲೆ ಅವನು ಅಂಗೈ ಮುಂದೆ ಹಿಡಿದ. ನೆಕ್ಕಿದ. ಕಣ್ಣು ಮುಚ್ಚಲಿಲ್ಲ. ಇನ್ನೊಂದು ಸಲ ಕೈ ಮುಂದೆ ಮಾಡಿದ, ಹಾಕಿದೆ. ಬುಟ್ಟಿಯಲ್ಲಿ ರೊಟ್ಟಿ ಇನ್ನೂ ಇದ್ದವು, ನಾಲ್ವರೂ ಕೂತು ತಿಂದೆವು.